ನೀರು ನಿಂತ ಗೆರೆಯ ಮೇಲೆ ದಾರಿ: ಹೊಳೆಸಾಲಿನ ಊರುಗಳಿಗೊಂದು ಬಹಿರಂಗ ಪತ್ರ

ಹೊಳೆಆಲೂರು, ಮೆಣಸಗಿ, ಹೊಳೆಮಣ್ಣೂರು, ಗಾಡಗೋಳಿ, ಹೊಳೆಹಡಗಲಿ, ಬಸರಕೋಡ, ಅಮರಗೋಳ, ಕುರುವಿನಕೊಪ್ಪ ಮತ್ತು ರೋಣ ತಾಲ್ಲೂಕಿನ ಹೊಳೆ-ಹಳ್ಳದ ಸಾಲಿನ ಉಳಿದೆಲ್ಲ ಊರುಗಳ ದೈವದವರಿಗೆ, ಪಂಚಾಯಿತಿ ಸದಸ್ಯರಿಗೆ, ಅಕ್ಕ-ತಾಯಂದಿರಿಗೆ, ಯುವಕ ಮಂಡಳದ ಹುಡುಗರಿಗೆ ಶರಣು.

ಮೊದಲ ಮಾತು ಹುಡುಗರಿಗೆ. ನಸುಕಿನಲ್ಲಿ ರೋಣದ ರಸ್ತೆಗುಂಟ ನೀವು ಓಡುವುದನ್ನು ನೋಡುತ್ತೇನೆ. ಪೊಲೀಸ್ ಭರ್ತಿಗೆ, ಮಿಲಿಟರಿ ಭರ್ತಿಗೆ 1600 ಮೀಟರ್ ಓಡಬೇಕು. ಅದಕ್ಕಾಗಿ ಒಬ್ಬ ಮೊಬೈಲಿನಲ್ಲಿ ಹೊತ್ತು ಹಿಡಿಯುತ್ತಾನೆ, ಉಳಿದವರು ಕತ್ತಲಲ್ಲಿ ಡಾಂಬರಿನ ಮೇಲೆ ಓಡುತ್ತೀರಿ. ಹಿಂದಿನಿಂದ ಲಾರಿಯ ಬೆಳಕು ಬಿದ್ದಾಗ ಎಲ್ಲರೂ ಒಮ್ಮೆಲೇ ರಸ್ತೆ ಬಿಟ್ಟು ಜಾಲಿಗಂಟಿಯ ಕಡೆಗೆ ಸರಿಯುತ್ತೀರಿ. ನಿಮ್ಮ ಹಿಂದೆ ಅರ್ಧ ತಾಸಿಗೆ ಸಕ್ಕರೆ ಕಾಯಿಲೆಯ ಹೆಣ್ಣುಮಕ್ಕಳು ಬರುತ್ತಾರೆ. ಡಾಕ್ಟರು ದಿನಾ ನಡೀರಿ ಅಂದಿದ್ದಾರೆ, ಎಲ್ಲಿ ನಡೆಯಬೇಕು ಎಂದು ಹೇಳಿಲ್ಲ. ಇಷ್ಟು ದೊಡ್ಡ ಹೊಳೆ ಪಕ್ಕದಲ್ಲೇ ಇದ್ದೂ ನಮ್ಮ ಜನಕ್ಕೆ ನೆಮ್ಮದಿಯಿಂದ ನಾಲ್ಕು ಹೆಜ್ಜೆ ಹಾಕಲು ಜಾಗವಿಲ್ಲ.

ಹಾಗಾಗಿ ಹೊಳೆದಂಡೆಗೆ ನಡೆದಾಡುವ ದಾರಿ ಬೇಕು ಎಂದು ಚಹಾದಂಗಡಿಯಲ್ಲಿ ನೀವು ಮಾತಾಡಿದಾಗ ನನಗೆ ಖುಷಿಯಾಯಿತು. ಆದರೆ ಮೊಬೈಲಿನಲ್ಲಿ ನೀವು ತೋರಿಸಿದ ಚಿತ್ರಗಳನ್ನು ನೋಡಿ ಅಳುಕೂ ಹುಟ್ಟಿತು. ನೀರಿಗೆ ಹತ್ತಿದಂತೆ ಕಾಂಕ್ರೀಟ್ ಗೋಡೆ, ಅದರ ಮೇಲೆ ಬಣ್ಣಬಣ್ಣದ ಟೈಲ್ಸು, ಸ್ಟೀಲಿನ ಕಟಾಂಜನ, ಸಾಲು ದೀಪ. ಅದು ಯಾವುದೋ ನಗರದ ನದಿ. ನಮ್ಮದು ಬೇರೆ ಹೊಳೆ. ದಾರಿ ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ದಾರಿ ಆಗಲೇಬೇಕು, ಆದರೆ ಎಲ್ಲಿ ಆಗಬೇಕು ಎಂಬುದನ್ನು ಹೊಳೆಯನ್ನೇ ಕೇಳಿ ನಿರ್ಧರಿಸೋಣ ಎಂದು ಬೇಡಿಕೊಳ್ಳಲು ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬರುವುದು ಒಂದು ನೀರಲ್ಲ, ಎರಡು. ಒಂದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಡುವೆ ನವಿಲುತೀರ್ಥದಲ್ಲಿ ಅವಳಿಗೆ ಕಟ್ಟಿದ ಅಣೆಕಟ್ಟು 1972ರಲ್ಲಿ ಮುಗಿಯಿತು, ಅದರ ಹೊಟ್ಟೆಯಲ್ಲಿ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಇನ್ನೊಂದು ಬೆಣ್ಣೆಹಳ್ಳ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟಿ, ಹುಬ್ಬಳ್ಳಿ, ಕುಂದಗೋಳ, ನವಲಗುಂದ, ನರಗುಂದದ ಎರಿ ಭೂಮಿಯ ನೀರನ್ನೆಲ್ಲ ಬಾಚಿಕೊಂಡು ಬಂದು ನಮ್ಮ ಮೆಣಸಗಿಯ ಹತ್ತಿರ ಮಲಪ್ರಭೆಗೆ ಕೂಡುತ್ತದೆ. ಅಣೆಕಟ್ಟಿನಿಂದ ನೀರು ಬಿಡುವಾಗ ಒಂದು ಸುದ್ದಿಯಾದರೂ ಬರುತ್ತದೆ: ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ, ಹುಷಾರಿರಿ ಎಂದು ಡಂಗುರ ಸಾರುತ್ತಾರೆ. ಬೆಣ್ಣೆಹಳ್ಳಕ್ಕೆ ಅಣೆಕಟ್ಟೇ ಇಲ್ಲ. ಹುಬ್ಬಳ್ಳಿ ಕಡೆ ರಾತ್ರಿ ದೊಡ್ಡ ಮಳೆ ಹೊಡೆದರೆ ನಮ್ಮ ಆಕಾಶದಲ್ಲಿ ಚುಕ್ಕಿ ಕಾಣುತ್ತಿರುವಾಗಲೇ ಹಳ್ಳ ಏರುತ್ತದೆ. ಹೊಳೆ ತುಂಬಿ ಹರಿಯುತ್ತಿದ್ದರಂತೂ ಹಳ್ಳದ ನೀರಿಗೆ ಒಳಗೆ ಹೋಗಲು ಎಡೆ ಸಿಗುವುದಿಲ್ಲ. ಅದು ಹಿಂದಕ್ಕೆ ಒತ್ತಿ ಹೊಲಗಳಲ್ಲಿ ಹರಡಿಕೊಳ್ಳುತ್ತದೆ. "ಹೊಳಿ ಮುಂದಿನಿಂದ ಬರತೈತಿ, ಹಳ್ಳ ಹಿಂದಿನಿಂದ ಬರತೈತಿ" ಎಂದು ನಮ್ಮವ್ವ ಹೇಳುತ್ತಿದ್ದಳು. ಇಂಜಿನಿಯರರ ವರದಿ ಎಷ್ಟೇ ದಪ್ಪವಾಗಿರಲಿ, ಅದರ ಮೊದಲ ಸಾಲು ಇದೇ ಆಗಬೇಕು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಯಾರಿಗೆ ಮರೆತಿದೆ? ಉತ್ತರ ಕರ್ನಾಟಕದ ಎಷ್ಟೋ ಜಿಲ್ಲೆಗಳು ನೀರಿನಲ್ಲಿ ನಿಂತಿದ್ದವು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಊರಿಗೆ ನೀರು ನುಗ್ಗಿದ ರಾತ್ರಿ ನಮ್ಮ ಮನೆಯಲ್ಲಿ ಮೊದಲು ಗೊತ್ತಾಗಿದ್ದು ಎಮ್ಮೆಗೆ. ಅದು ಕಣ್ಣಿ ಹರಿಯುವಂತೆ ಎಳೆದಾಡಿ ಒದರಿತು. ಎದ್ದು ಕಾಲು ಕೆಳಗಿಟ್ಟರೆ ನೀರು. ಹಗೇವಿನ ಜೋಳದ ಆಸೆ ಬಿಟ್ಟು, ಮುದುಕಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಬಿದ್ದೆವು. ಹೊರಬಿದ್ದ ಮೇಲೆ ಯಾವ ಕಡೆ ಹೋಗಬೇಕು ಎಂದು ಹೊಳೆಯಲಿಲ್ಲ. ಮಣ್ಣಿನ ಮನೆಗಳು ಒಂದೊಂದಾಗಿ ಕುಸಿಯುವ ಸಪ್ಪಳ ಕೇಳುತ್ತಿತ್ತು, ಅದು ಕಲ್ಲು ಬಿದ್ದಂತೆ ಅಲ್ಲ, ಯಾರೋ ದೊಡ್ಡದಾಗಿ ಉಸಿರು ಬಿಟ್ಟಂತೆ. ಎತ್ತರದ ಹೊಲಕ್ಕೆ ಹೋಗುವ ಬಂಡಿದಾರಿ ಎಲ್ಲಿದೆ ಎಂದು ಕಾಲಿನಿಂದಲೇ ಹುಡುಕಿದೆವು. ಹತ್ತು ವರ್ಷ ಮೊದಲು ಆ ದಾರಿ ಅಗಲವಾಗಿತ್ತು. ಎರಡೂ ಕಡೆಯ ಹೊಲದವರು ವರ್ಷಕ್ಕೊಂದು ಸಾಲು ಒತ್ತಿ ಒತ್ತಿ ಅದನ್ನು ಕಾಲುದಾರಿ ಮಾಡಿದ್ದರು. ಆ ಹೊಲದವರಲ್ಲಿ ನಾವೂ ಇದ್ದೆವು. ಇದನ್ನು ಈ ಪತ್ರದಲ್ಲಿ ಒಪ್ಪಿಕೊಳ್ಳದೆ ಮುಂದಿನ ಮಾತು ಆಡಲು ನನಗೆ ಹಕ್ಕಿಲ್ಲ.

ಮತ್ತೆ 2019ರ ಆಗಸ್ಟ್. ನರಗುಂದ ತಾಲ್ಲೂಕಿನ ಲಖಮಾಪುರ ನಡುಗಡ್ಡೆಯಾಯಿತು, ವಾಸನ, ಕೊಣ್ಣೂರಿಗೆ ನೀರು ಹೊಕ್ಕಿತು, ಕೊಣ್ಣೂರಿನ ಹತ್ತಿರ ಹೆದ್ದಾರಿಯೇ ಕಟ್ಟಾಯಿತು. ಕೆಳಗೆ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತಿತು. ಕೆಸರು ಬಳಿದು ಮುಗಿಸುವಷ್ಟರಲ್ಲಿ ಅಕ್ಟೋಬರಿನಲ್ಲಿ ಇನ್ನೊಮ್ಮೆ ಹೊಳೆ ಬಂತು. ಮನೆ ಬಿಟ್ಟವರು ತಂಗುವ ಜಾಗವನ್ನು 2009ರಲ್ಲಿ ಗಂಜಿ ಕೇಂದ್ರ ಅನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ ಅನ್ನುತ್ತಾರೆ. ಮಲಗುವ ಜಾಗ ಮಾತ್ರ ಅದೇ ಸಾಲಿ ಕೋಣೆ.

ಇದೇ ಹೊಳೆ ಬೇಸಿಗೆಯಲ್ಲಿ ಹೇಗಿರುತ್ತದೆ ಎಂಬುದೂ ನಿಮಗೆ ಗೊತ್ತು. ಅಲ್ಲಲ್ಲಿ ಹಸಿರುಗಟ್ಟಿದ ಮಡು, ಉಳಿದದ್ದೆಲ್ಲ ಉಸುಕು, ಆಪು, ಬಳ್ಳಾರಿ ಜಾಲಿ. ಈ ನೀರಿನ ಕರದ ವಿರುದ್ಧವೇ 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಬೀದಿಗೆ ಬಂದು ಗುಂಡು ತಿಂದರು. ಈ ನೀರಿಗಾಗಿಯೇ 2015ರಿಂದ ನರಗುಂದದಲ್ಲಿ ಧರಣಿ ಕೂತಿತು, ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆ ಬೇಕೆಂದು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಕೊಟ್ಟರೂ ಆ ನೀರು ಇನ್ನೂ ನಮ್ಮ ಹೊಳೆಗೆ ಬಂದಿಲ್ಲ. ಎಂಟು ತಿಂಗಳು ನೀರಿಗೆ ಬಾಯಿ ಬಿಡುವ ಪಾತ್ರವನ್ನು ನೋಡುತ್ತ ನೋಡುತ್ತ ನಾವು ಅದು ಹೊಳೆ ಎಂಬುದನ್ನೇ ಮರೆತುಬಿಡುತ್ತೇವೆ. ಒತ್ತಿ ಉಳುವುದು, ಅಂಚಿಗೆ ಪಂಪ್‌ಸೆಟ್ ಕೂಡಿಸುವುದು, ಕಟ್ಟಡದ ಕಸ ಸುರಿಯುವುದು ಎಲ್ಲ ಆ ಮರೆವಿನಲ್ಲಿ ನಡೆಯುವ ಕೆಲಸ. ನಾಳೆ ನಾವು ಹಾಕುವ ದಾರಿಯೂ ಅದೇ ಮರೆವಿನಲ್ಲಿ ಹುಟ್ಟಬಾರದು.

ಹಿರಿಯರು ಮರೆತಿರಲಿಲ್ಲ. ಕುರುವ ಎಂದರೆ ಹೊಳೆಯ ನಡುಗಡ್ಡೆ. ಕುರುವಿನಕೊಪ್ಪ ಎಂದು ಊರಿಗೆ ಹೆಸರಿಟ್ಟವರು ಎಚ್ಚರಿಕೆಯನ್ನು ಹೆಸರಿನೊಳಗೇ ಇಟ್ಟು ಹೋಗಿದ್ದಾರೆ. ಎಷ್ಟು ಊರುಗಳ ಹೆಸರು ಹೊಳೆಯಿಂದಲೇ ಶುರುವಾಗುತ್ತದೆ ನೋಡಿ. ದಿನಕ್ಕೆ ಎಷ್ಟು ಸಲ ಹೊಳೆ, ಹೊಳೆ ಅನ್ನುತ್ತೇವೆ!

ಈಗ ನನ್ನ ಮಾತು. ದಾರಿಯನ್ನು ನೀರಿನ ಅಂಚಿಗೆ ಹಾಕಬೇಡಿ. ನೀರು ಬಂದು ನಿಂತ ಗೆರೆಯ ಮೇಲೆ ಹಾಕಿ. 2009ರಲ್ಲಿ ಮತ್ತು 2019ರಲ್ಲಿ ಹೊಳೆ ಎಲ್ಲಿಯವರೆಗೆ ಬಂದಿತ್ತು ಎಂಬುದು ಇನ್ನೂ ಪ್ರತಿ ಊರಿನಲ್ಲಿ ಗೊತ್ತಿದೆ. ಗುಡಿಯ ಕಲ್ಲಿನ ಮೇಲೆ ಕಲೆ ಇದೆ, ಸಾಲಿಯ ಗೋಡೆಯ ಮೇಲೆ ಇದೆ, ಇನ್ನೂ ಹೆಚ್ಚಾಗಿ ಮುದುಕಿಯರ ಬಾಯಲ್ಲಿದೆ. "ನಮ್ಮ ಹಿತ್ತಲದ ಬೇವಿನ ಗಿಡದ ಕವಲಿಗೆ ಬಂದಿತ್ತು" ಎಂದು ಅವರು ಬೆರಳು ಮಾಡಿ ತೋರಿಸುತ್ತಾರೆ. ಇನ್ನು ಇಪ್ಪತ್ತು ವರ್ಷಕ್ಕೆ ಆ ಬೆರಳು ಇರುವುದಿಲ್ಲ. ಹುಡುಗರೇ, ದಾರಿಯ ಮೊದಲ ಕೆಲಸ ಇದು: ಮುದುಕಿಯರನ್ನು ಕರೆದುಕೊಂಡು ಹೋಗಿ, ಅವರು ತೋರಿಸಿದಲ್ಲೆಲ್ಲ ಸುಣ್ಣ ಬಳಿದ ಕಲ್ಲು ನೆಡಿ. ಒಂದು ಕಲ್ಲಿಗೆ 2009, ಇನ್ನೊಂದಕ್ಕೆ 2019. ಕಲ್ಲಿನಿಂದ ಕಲ್ಲಿಗೆ ನಡೆಯುತ್ತ ಹೋದರೆ ನಿಮ್ಮ ಹೆಜ್ಜೆಯೇ ದಾರಿಯ ನಕಾಶೆ.

ಆ ಗೆರೆಯ ಆಚೆ ಹೊಳೆಯ ಕಡೆಗೆ ಬೆಳೆ ಇರಲಿ, ಹುಲ್ಲುಗಾವಲು ಇರಲಿ, ಮನೆ ಮಾತ್ರ ಬೇಡ. ಅಲ್ಲಿಗೆ ನೀರು ಬಂದರೆ ಹೊಳೆ ತನ್ನ ಜಾಗಕ್ಕೆ ಬಂದಿದೆ ಅಷ್ಟೆ. ದಿನಾ ನೂರು ಜನ ನಡೆಯುವ ದಾರಿ ಯಾವ ಕಡತಕ್ಕಿಂತಲೂ ಗಟ್ಟಿಯಾದ ಗಡಿ. ಕಾಗದದಲ್ಲಿ ಬರೆದ ಗಡಿಯನ್ನು ನೇಗಿಲು ದಾಟುತ್ತದೆ. ಊರ ಹೆಣ್ಣುಮಕ್ಕಳು ನಡೆಯುವ ದಾರಿಯ ಮೇಲೆ ಟ್ರ್ಯಾಕ್ಟರ್ ಹಾಯಿಸಲು ಯಾರೂ ಧೈರ್ಯ ಮಾಡುವುದಿಲ್ಲ.

ಜಮೀನು ಯಾರದು ಎಂಬ ಪ್ರಶ್ನೆ ತಕ್ಷಣ ಏಳುತ್ತದೆ, ಏಳಬೇಕು. ಹೊಳೆಯ ಗುಂಟ ಅರ್ಧ ಭೂಮಿ ಪಟ್ಟಾ. ಸಣ್ಣ ರೈತನ ಎಕರೆಯಲ್ಲಿ ನಾಲ್ಕು ಗುಂಟೆ ಕಿತ್ತುಕೊಂಡು ಪೇಟೆಯವರಿಗೆ ವಾಕಿಂಗ್ ದಾರಿ ಮಾಡಿದರೆ ಅದು ಪಾಪದ ಕೆಲಸ. ಅದಕ್ಕೇ ಹೇಳುವುದು, ಮೊದಲು ಗ್ರಾಮ ನಕಾಶೆ ತೆಗೆಸಿ. ನಕಾಶೆ ಕಂಡ ದಾರಿಗಳು ನಮ್ಮ ಪ್ರತಿ ಊರಲ್ಲೂ ಇವೆ. ಬಂಡಿದಾರಿ, ದನದ ದಾರಿ, ಹೊಳೆಗೆ ಇಳಿಯುವ ದಾರಿ, ಹಳ್ಳದ ಖರಾಬು. ಅವುಗಳಲ್ಲಿ ಎಷ್ಟೋ ಈಗ ನೆಲದ ಮೇಲೆ ಇಲ್ಲ, ಕಾಗದದಲ್ಲಿ ಮಾತ್ರ ಉಳಿದಿವೆ. ಅಳತೆ ಮಾಡಿಸಿ ಅವನ್ನು ಬಿಡಿಸಿಕೊಂಡರೆ ದಾರಿಯ ದೊಡ್ಡ ಪಾಲು ಅಲ್ಲೇ ಸಿಗುತ್ತದೆ. ನಡುವೆ ಕೊಂಡಿ ತಪ್ಪಿದಲ್ಲಿ ಮಾತ್ರ ಹೊಲದವರ ಮನೆಗೆ ಹೋಗಿ ಕೂತು, ಒಪ್ಪಿಗೆ ಕೇಳಿ, ನ್ಯಾಯದ ಬೆಲೆ ಕೊಡಿ. ಒಪ್ಪದವನ ಹೊಲವನ್ನು ಸುತ್ತಿ ಹೋಗಲಿ ದಾರಿ. ನಮ್ಮ ಹೊಲದ ಬದುವಿನಿಂದ ಒತ್ತಿದ ಸಾಲುಗಳನ್ನು ನಾನು ಮೊದಲು ಬಿಟ್ಟುಕೊಡುತ್ತೇನೆ.

ಇನ್ನು ದಾರಿಯ ಮೈ. ನಮ್ಮದು ಎರಿ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಮೊಳಕೈ ಹೋಗುವಷ್ಟು ಬಿರಿಯುತ್ತದೆ. ಈ ಮಣ್ಣಿನ ಮೇಲೆ ಕಾಂಕ್ರೀಟ್ ಚಪ್ಪಡಿಯೋ ಟೈಲ್ಸೋ ಹಾಸಿದರೆ ಎರಡು ಮಳೆಗಾಲದಲ್ಲಿ ಎದ್ದು ನಿಲ್ಲುತ್ತವೆ. ನಾನು ಕಂಡ ಒಂದು ಊರಿನಲ್ಲಿ ಹೊಳೆಗೆ ಇಳಿಯಲು ಕಾಂಕ್ರೀಟಿನ ಪಾವಟಿಗೆ ಕಟ್ಟಿಸಿದ್ದರು. ಒಂದು ಹೊಳೆ ಬಂದು ಹೋದ ಮೇಲೆ ಅಡಿಯ ಮಣ್ಣೆಲ್ಲ ತೊಳೆದು, ಪಾವಟಿಗೆ ಗಾಳಿಯಲ್ಲಿ ತೂಗಾಡುವ ಹಲ್ಲಿನ ಹಾಗೆ ನಿಂತಿತ್ತು. ಅದರ ಕೆಳಗೆ ಮಕ್ಕಳು ಆಡುತ್ತಿದ್ದರು. ಅದನ್ನು ನೋಡಿ ನನ್ನ ಎದೆ ಝಲ್ಲೆಂದಿತು.

ಹಾಗಾದರೆ ಏನು ಹಾಕಬೇಕು? ಗರಸು. ನಮ್ಮ ಬಂಡಿದಾರಿಗಳಿಗೆ ಹಿಂದಿನಿಂದ ಹಾಕಿದ ಗರಸು. ಎರಡೂ ಬದಿಗೆ ನೀರು ಇಳಿದು ಹೋಗುವಷ್ಟು ಸಣ್ಣ ಇಳಿಜಾರು ಕೊಟ್ಟು, ನೀರು ಹಾಕಿ, ರೋಲರ್ ಹೊಡೆದರೆ ಓಡುವವರ ಮೊಳಕಾಲಿಗೆ ಡಾಂಬರಿಗಿಂತ ಮೆತ್ತಗೆ. ಹೊಳೆ ಕೊಚ್ಚಿದರೆ ಮತ್ತೆ ನಾವೇ ಹಾಕಬಹುದು, ಉದ್ಯೋಗ ಖಾತ್ರಿಯ ಕೂಲಿಯಲ್ಲಿ ನಮ್ಮ ಜನರ ಕೈಯಿಂದಲೇ. ಕೆಡುವುದೇ ಇಲ್ಲ ಎನ್ನುವ ದಾರಿ ನಮಗೆ ಸಿಗುವುದಿಲ್ಲ. ಕೆಟ್ಟರೆ ನಮ್ಮ ಕೈಯಲ್ಲೇ ರಿಪೇರಿ ಆಗುವ ದಾರಿಯನ್ನು ಕೇಳೋಣ. ಬದಿಗೆ ಕರಿಜಾಲಿ, ಹೊಂಗೆ, ನೇರಳೆ, ಅತ್ತಿ ನೆಡಿ. ಕರಿಜಾಲಿ ನೀರಲ್ಲಿ ನಿಂತರೂ ಸಾಯುವುದಿಲ್ಲ, ಕುರಿಗೆ ಕಾಯಿ ಕೊಡುತ್ತದೆ. ಬಳ್ಳಾರಿ ಜಾಲಿಯನ್ನು ಮಾತ್ರ ಬೇರು ಸಹಿತ ತೆಗೆಯಬೇಕು, ಹೊಳೆಯ ಗಂಟಲಿಗೆ ಸಿಕ್ಕಿಕೊಂಡಿರುವುದು ಅದೇ.

ದಾರಿಯನ್ನು ಏರಿ ಹಾಕಿ ಎತ್ತರಿಸೋಣ, ಅದೇ ತಡೆಗೋಡೆಯೂ ಆಗುತ್ತದೆ ಎಂದು ಕೆಲವರು ಹೇಳುತ್ತೀರಿ. ಆ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಹೊಳೆಗೆ ಎರಡು ದಂಡೆ. ಈ ದಂಡೆ ನಮ್ಮದು, ಆಚೆಯದು ಬಾದಾಮಿ ತಾಲ್ಲೂಕು. ಇಲ್ಲಿ ಏರಿ ಎತ್ತರಿಸಿದರೆ ಆ ನೀರು ಆಚೆಯವರ ಮನೆ ಹೊಗುತ್ತದೆ, ಅವರು ಎತ್ತರಿಸಿದರೆ ನಮ್ಮ ಮನೆ ಹೊಗುತ್ತದೆ. ಕೊಣ್ಣೂರಿಗೆ ಆಚೆ ದಂಡೆಯ ಗೋವನಕೊಪ್ಪ ಹೆಣ್ಣು ಕೊಟ್ಟ ಊರು, ಬೀಗರ ಊರು. ಇಷ್ಟೇ ಅಲ್ಲ, ಏರಿಯ ಹಿಂದೆ ಬಿದ್ದ ಮಳೆನೀರು ಹೊಳೆಗೆ ಹೋಗಲಾರದೆ ಊರೊಳಗೇ ನಿಂತು ಕೊಳೆಯುತ್ತದೆ. ದಾರಿ ನೆಲದ ಮಟ್ಟಕ್ಕೇ ಇರಲಿ. ಹಳ್ಳ-ಕೊಳ್ಳ ದಾಟುವಲ್ಲಿ ಸಣ್ಣ ಪೈಪು ಹೂತು ಮೇಲೆ ಮಣ್ಣು ಹಾಕಬೇಡಿ. ಕಲ್ಲು ಹಾಸಿದ ತಗ್ಗು ದಾಟು ಮಾಡಿ, ನೀರು ಬಂದರೆ ಮೇಲಿಂದ ಹಾದುಹೋಗಲಿ.

ಪ್ರವಾಹವನ್ನು ನಮಗಿಂತ ಹೆಚ್ಚು ಕಂಡವರು ನೆದರ್ಲೆಂಡ್ಸಿನವರು. ಶತಮಾನಗಳ ಕಾಲ ಏರಿ ಎತ್ತರಿಸುವುದೇ ಅವರ ವಿದ್ಯೆ. 1995ರಲ್ಲಿ ಅಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಅವರು ಲೆಕ್ಕ ತಿರುಗಿಸಿ ಹಾಕಿದರು. ನೈಮೇಗನ್ ಎಂಬ ಊರಿನಲ್ಲಿ ವಾಲ್ ನದಿಯ ಏರಿಯನ್ನು ಸುಮಾರು 350 ಮೀಟರ್ ಹಿಂದಕ್ಕೆ ಸರಿಸಿ, ನದಿಗೆ ಇನ್ನೊಂದು ಕವಲು ತೋಡಿಕೊಟ್ಟರು. ಅದಕ್ಕಾಗಿ ಮನೆಗಳನ್ನೂ ತೆರವು ಮಾಡಬೇಕಾಯಿತು. ಎರಡು ಕವಲುಗಳ ನಡುವೆ ಉಳಿದ ನಡುಗಡ್ಡೆಯಲ್ಲಿ ಈಗ ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ. ನೀರು ಏರಿದಾಗ ತಗ್ಗಿನ ಜಾಗ ಮುಳುಗುತ್ತದೆ, ಇಳಿದಾಗ ಮತ್ತೆ ಜನ ಬರುತ್ತಾರೆ. ಅವರ ದುಡ್ಡು ನಮ್ಮಲ್ಲಿಲ್ಲ, ನಿಜ. ಹೊಳೆಗೆ ಜಾಗ ಬಿಡಲು ಮನಸ್ಸಂತೂ ಬೇಕು, ಅದನ್ನು ಯಾವ ಟೆಂಡರಿನಲ್ಲೂ ತರಿಸಲಾಗುವುದಿಲ್ಲ.

ಪತ್ರದ ಈ ಭಾಗವನ್ನು ಸದಸ್ಯರು ದಯವಿಟ್ಟು ಎರಡು ಸಲ ಓದಬೇಕು. ಹೊಳೆಗುಂಟ ಹೋಗುವ ದಾರಿಗಿಂತ ಹೊಳೆಯಿಂದ ಎತ್ತರಕ್ಕೆ ಹೋಗುವ ದಾರಿ ನಮಗೆ ಹೆಚ್ಚು ಮುಖ್ಯ. ಪ್ರತಿ ಊರಿನಿಂದ ಒಂದೊಂದು ಅಡ್ಡದಾರಿ, ಹಳೆಯ ಊರಿನ ನಡುವಿನಿಂದ ಹೊರಟು ದಡದ ದಾರಿಯನ್ನು ಕತ್ತರಿಸಿ ಎತ್ತರದ ಆಸರೆ ಮನೆಗಳವರೆಗೆ. 2009ರ ಹೊಳೆಯ ನಂತರ ಮುಳುಗಿದ ಊರಿನವರಿಗಾಗಿ ದಾನಿಗಳ ದುಡ್ಡು, ಸರ್ಕಾರದ ದುಡ್ಡು ಸೇರಿ ಎಷ್ಟೊಂದು ಆಸರೆ ಮನೆಗಳಾದವು. ಎಷ್ಟೋ ಕಡೆ ಜನ ಅಲ್ಲಿ ನಿಲ್ಲಲಿಲ್ಲ, ಬಾಗಿಲು ಬಿದ್ದು ಜಾಲಿ ಬೆಳೆಯಿತು. ಜನ ಹಟಮಾರಿಗಳು ಎಂದು ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ದನ ಕಟ್ಟಲು ಗೋದಲಿ ಇಲ್ಲ, ಹೊಟ್ಟು ಹಾಕಲು ಜಾಗ ಇಲ್ಲ, ಹೊಲ ದೂರ, ಗುಡಿ ದೂರ, ನಡುವೆ ಕತ್ತಲ ಕೆಸರಿನ ಹಾದಿ. ಹೆಂಗ ಇರಬೇಕು? ಆ ನಡುವಿನ ಹಾದಿ ನೆಟ್ಟಗಾದರೆ ಎರಡೂ ಊರು ಒಂದಾಗುತ್ತವೆ. ಹಗಲು ಹೊಲಕ್ಕೆ, ಗುಡಿಗೆ ಇಳಿದು ರಾತ್ರಿ ಮೇಲೆ ಮಲಗುವ ರೂಢಿ ತಾನಾಗಿ ಬೀಳುತ್ತದೆ.

ದಿನಾ ವಾಕಿಂಗಿಗೆ ಹೋದ ದಾರಿಯನ್ನು ಕಾಲು ಮರೆಯುವುದಿಲ್ಲ. ಸಕ್ಕರೆ ಕಾಯಿಲೆಯ ಮುದುಕಿ ವರ್ಷವಿಡೀ ಮುಂಜಾನೆ ಆ ಅಡ್ಡದಾರಿ ಹತ್ತಿ ಇಳಿದಿದ್ದರೆ, ಹೊಳೆ ಬಂದ ರಾತ್ರಿ ಕರೆಂಟು ಹೋದ ಕತ್ತಲಲ್ಲೂ ಅವಳೇ ಮೊಮ್ಮಕ್ಕಳ ಕೈ ಹಿಡಿದು ಎತ್ತರಕ್ಕೆ ಒಯ್ಯುತ್ತಾಳೆ. ದೀಪ ಹಾಕುವುದಾದರೆ ಮೊದಲು ಈ ಅಡ್ಡದಾರಿಗಳಿಗೆ ಹಾಕಿ, ಸೋಲಾರ್ ದೀಪ, ಎತ್ತರದ ಕಂಬಕ್ಕೆ. ಅಗಲ ಎಷ್ಟು ಎಂದು ಕೇಳಿದರೆ ಎರಡು ಬಂಡಿ ಎದುರುಬದುರು ಹಾಯುವಷ್ಟು. ಏಕೆಂದರೆ ನಾವು ದನ ಬಿಟ್ಟು ಓಡುವ ಜನ ಅಲ್ಲ.

ದಡದ ದಾರಿಯನ್ನು ಯಾವಾಗ ಮುಚ್ಚಬೇಕು ಎಂಬುದು ಮೊದಲೇ ಗೊತ್ತಿರಬೇಕು. ಸಿಂಗಪುರದ ಬಿಶಾನ್ ಎಂಬಲ್ಲಿ 2012ರ ಹೊತ್ತಿಗೆ ಕಾಂಕ್ರೀಟಿನ ಕಾಲುವೆಯನ್ನು ಒಡೆದು ನದಿಯನ್ನು ಮತ್ತೆ ನದಿಯಂತೆ ಹರಿಯಲು ಬಿಟ್ಟು ಉದ್ಯಾನ ಮಾಡಿದರು. ನೀರು ಏರುವುದನ್ನು ಹಿಡಿಯುವ ಸಾಧನ, ಎಚ್ಚರಿಕೆಯ ದೀಪ, ಸೈರನ್ ಎಲ್ಲ ಅಲ್ಲಿವೆ. ನಮಗೆ ಅಷ್ಟು ಬೇಡ. ಮೆಣಸಗಿಯಲ್ಲಿ ಹೊಳೆ-ಹಳ್ಳ ಕೂಡುವ ಕಡೆ ಅಳತೆಯ ಕಂಬವೊಂದು, ಹಳ್ಳದ ಮೇಲಿನ ನರಗುಂದದ ಊರುಗಳಲ್ಲಿ ಫೋನ್ ಎತ್ತುವ ಇಬ್ಬರು ಹುಡುಗರು, ಪ್ರತಿ ಊರಲ್ಲಿ ದಾರಿಗೆ ಹಗ್ಗ ಕಟ್ಟುವ ಹಕ್ಕುಳ್ಳ ಒಬ್ಬ ಮನುಷ್ಯ. ಹಗ್ಗ ಕಟ್ಟಿದ ಮೇಲೆ ಗೌಡರಿರಲಿ, ಸಾಹೇಬರಿರಲಿ, ಯಾರೂ ದಾಟಬಾರದು. ತುಂಬಿದ ಹೊಳೆಯ ಮುಂದೆ ಸೆಲ್ಫಿ ತೆಗೆಯಲು ಹೋಗಿ ಮಗನನ್ನು ಕಳೆದುಕೊಂಡ ತಾಯಿ ನಮ್ಮ ಯಾವ ಊರಿನಲ್ಲೂ ಆಗಬಾರದು.

ಹೊಳೆದಂಡೆಯ ಸುಖ ನಮಗೆ ಹೊಸತಲ್ಲ. ಸಂಕ್ರಾಂತಿಯ ದಿನ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿ ದಂಡೆಯಲ್ಲಿ ಕೂತು ಉಣ್ಣುತ್ತೇವಲ್ಲ, ಅದಕ್ಕಿಂತ ದೊಡ್ಡ ಮನರಂಜನೆ ಯಾವ ನಗರದಲ್ಲಿದೆ? ಅದಕ್ಕೆ ಬೇಕಾದುದು ನೆರಳಿನ ನಾಲ್ಕು ಗಿಡ, ಇಳಿಯಲು ಜಾರದ ಜಾಗ, ಹೆಣ್ಣುಮಕ್ಕಳು ಸೀರೆ ಬದಲಿಸಲು ಮರೆ. ದಂಡೆಗೆ ಹೋಟೆಲ್, ರೆಸಾರ್ಟ್ ಬರಲಿ, ಪಟ್ಟದಕಲ್ಲಿಗೆ ಹೋಗುವವರು ಇಲ್ಲಿ ಇಳಿಯಲಿ ಎಂಬ ಮಾತೂ ಬರುತ್ತದೆ. ಹೊಳೆಆಲೂರಿನಲ್ಲಿ ರೈಲಿಳಿದು ಯಾರಾದರೂ ನಡೆಯಲು ಬಂದರೆ ಕಣ್ಣಿಗೊತ್ತಿಕೊಂಡು ಕರೆಯೋಣ, ನಮ್ಮ ಮನೆಯ ರೊಟ್ಟಿ ಬಡಿಸೋಣ. ಆದರೆ ನಾವೇ ಮನೆ ಕಟ್ಟಬಾರದು ಎಂದ ಜಾಗದಲ್ಲಿ ಬೇರೆಯವರ ಹೋಟೆಲಿಗೆ ಪರವಾನಗಿ ಕೊಡುವ ಠರಾವು ಯಾವ ಪಂಚಾಯಿತಿಯಲ್ಲೂ ಆಗಕೂಡದು.

ಸದಸ್ಯರಲ್ಲಿ ನನ್ನ ವಿನಂತಿ: ಅಂದಾಜುಪಟ್ಟಿ ಆಮೇಲೆ. ಮುಂದಿನ ಗ್ರಾಮಸಭೆಯಲ್ಲಿ ಮೂರೇ ಕೆಲಸಕ್ಕೆ ಠರಾವು ಮಾಡಿ. ನಕಾಶೆ ಕಂಡ ದಾರಿಗಳ ಅಳತೆ, ನೀರು ನಿಂತ ಗೆರೆಯ ಕಲ್ಲು, ಆಸರೆ ಮನೆಗಳ ಅಡ್ಡದಾರಿ. ಆಚೆ ದಂಡೆಯ ಬಾದಾಮಿ ತಾಲ್ಲೂಕಿನ ಪಂಚಾಯಿತಿಯವರನ್ನೂ ಒಂದು ದಿನ ಕರೆದು ಕೂರಿಸಿ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಬಂದೇ ಬರುತ್ತೀರಿ. ಅದರ ಮರುದಿನ ಮುಂಜಾನೆ ಎಂಟಕ್ಕೆ ಮೆಣಸಗಿಯಲ್ಲಿ ಕೂಡೋಣ. ಹುಡುಗರು ಹಾರೆ, ಸಲಿಕೆ, ಒಂದು ಬುಟ್ಟಿ ಸುಣ್ಣ ತರಬೇಕು. ನಡೆಯಲಾಗದ ಹಿರಿಯರಿಗೆ ನಮ್ಮ ಬಂಡಿ ಇದೆ, ಎತ್ತು ಹೂಡಿಕೊಂಡು ನಾನೇ ಬರುತ್ತೇನೆ. ಮೊದಲ ಕಲ್ಲನ್ನು ಎಲ್ಲಿ ನೆಡಬೇಕು ಎಂದು ಅವರೇ ತೋರಿಸಲಿ.

ಇಂತಿ ನಿಮ್ಮವ,
ಹೊಳೆಸಾಲಿನ ಒಬ್ಬ ಒಕ್ಕಲಿಗ